ದರಖಾಸ್ತಿನ ಇಂಗ್ಲಿಷು

ನಮ್ಮ ಸಗರನಾಡಿನ ರೈತನೊಬ್ಬ ಸುರಪುರದ ತಹಸೀಲ ಕಚೇರಿಯ ಮೆಟ್ಟಿಲು ಹತ್ತುವುದನ್ನು ನೀವು ನೋಡಬೇಕು, ನೋಡುವುದಕ್ಕಿಂತ ಕೇಳಬೇಕು. ಕೆಳಗೆ ಬೇವಿನ ಗಿಡದ ಬುಡದಲ್ಲಿ ಹೆಂಡತಿಯನ್ನು ಕೂಡಿಸಿ "ಕಾಗದ ಕೊಟ್ಟು ಬರ್ತೀನಿ, ಇಲ್ಲೇ ಕುಂದರು" ಎಂದವನು, ಮೇಲೆ ಹೋಗುವಷ್ಟರಲ್ಲಿ ಬೇರೆ ಮನುಷ್ಯನಾಗಿರುತ್ತಾನೆ. "ಸಾಹೇಬ್ರ, ದರಖಾಸ್ತು ಗುಜರಾಯಿಸಿ ಆರು ತಿಂಗಳಾತು. ತನಿಖಿ ಮಾಡಿ ಮಂಜೂರು ಮಾಡಬೇಕ್ರಿ" ಎನ್ನುತ್ತಾನೆ. ಇದನ್ನು ಅವನಿಗೆ ಯಾರೂ ಕಲಿಸಿಲ್ಲ. ಅಂಗಿಯ ಗುಂಡಿ ಹಾಕಿಕೊಂಡಂತೆ ಮಾತಿನ ಗುಂಡಿಯನ್ನೂ ಹಾಕಿಕೊಳ್ಳುತ್ತಾನೆ, ಅಷ್ಟೆ.

ಈ ಕಚೇರಿಯ ಮಾತುಗಳನ್ನು ಸ್ವಲ್ಪ ಬಿಚ್ಚಿ ನೋಡಿದರೆ ತಮಾಷೆಯಾಗಿರುತ್ತದೆ. ಜಪ್ತಿ ಮಾಡು, ರದ್ದು ಮಾಡು, ವಜಾ ಮಾಡು, ಜಾರಿ ಮಾಡು, ದಾಖಲು ಮಾಡು, ಹಾಜರಾಗು. ತಲೆ ಫಾರಸಿಯದು, ಕಾಲು ಕನ್ನಡದ್ದು. (ತಲೆಯನ್ನೂ ಫಾರಸಿಯವರು ಹಲವು ಸಲ ಅರಬ್ಬರಿಂದ ಕಡ ತಂದದ್ದೇ.) ಫಾರಸಿಯ ಪದ್ಧತಿಯೂ ಇದೇ. ಆ ಭಾಷೆಯಲ್ಲಿ ದಿನಬಳಕೆಯ ಒಂಟಿ ಕ್ರಿಯಾಪದಗಳು ಕೆಲವೇ ನೂರು. ಉಳಿದ ಕೆಲಸವೆಲ್ಲ ಒಂದು ನಾಮಪದವನ್ನು ಮುಂದಿಟ್ಟು ಅದರ ಹಿಂದೆ 'ಕರ್ದನ್', ಅಂದರೆ 'ಮಾಡು', ಎಂದು ಹಚ್ಚುವುದರಿಂದ ನಡೆಯುತ್ತದೆ. ನಾವು ಇದನ್ನು ಅವರಿಂದಲೇ ಕಲಿತೆವೆಂದು ನಾನು ಹೇಳಲಾರೆ; ಸಂಸ್ಕೃತದ ನಾಮಪದಕ್ಕೂ 'ಮಾಡು' ಹಚ್ಚುವ ರೂಢಿ ನಮ್ಮಲ್ಲಿ ಹಳೆಯದು. ಆದರೆ ಕಚೇರಿಯ ಜಗಲಿಯ ಮೇಲೆ ಎರಡು ಪದ್ಧತಿಗಳೂ ಬೀಗರಂತೆ ಕೂಡಿದವು, ಒಂದನ್ನೊಂದು ಒಪ್ಪಿದವು. ಮತ್ತೆ ಬಿಡಲಿಲ್ಲ.

ಕಾಲವೂ ಸಾಕಷ್ಟು ಸಿಕ್ಕಿತ್ತು. ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಆಮೇಲೆ ನಿಜಾಮರು. ಸುರಪುರದ ನಾಯಕರು ನಿಜಾಮರಿಗೆ ಸಲ್ಲಿಸಬೇಕಾದ ಹಣಕ್ಕೂ ಪೇಶ್ಕಶ್ ಎಂದೇ ಹೆಸರು. ಹೈದರಾಬಾದು ಸಂಸ್ಥಾನದಲ್ಲಿ 1884ರ ಸುಮಾರಿಗೆ ಫಾರಸಿಯ ಜಾಗಕ್ಕೆ ಉರ್ದು ಬಂತು. ಬಂದರೇನು, ಕುರ್ಚಿ ಬದಲಾಯಿತೇ ವಿನಾ ಕಡತದ ಮಾತು ಬದಲಾಗಲಿಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉಚ್ಚ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ಕೊಟ್ಟಿತು. ನಮ್ಮ ತಂದೆಯವರು ಓದಿದ್ದೂ ಉರ್ದು ಮಾಧ್ಯಮದಲ್ಲಿ; 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದಾಗ ಅವರಿಗೆ ಹದಿನಾರು ವರ್ಷ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಮುಂದೆ ಹೊಟ್ಟೆಪಾಡಿಗೆ ಇಂಗ್ಲಿಷು. ಊರವರಿಗೆ ಮೂರೂ ಭಾಷೆಯಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಅವರ ಇಂಗ್ಲಿಷ್ ಅರ್ಜಿಯಲ್ಲಿಯೂ ನಾಮಪದ ಮುಂದೆ, 'ಮಾಡು' ಜತೆಗೆ: 'ಮೇಕ್ ಎನ್‌ಕ್ವೈರಿ', 'ಟೇಕ್ ನೆಸೆಸರಿ ಆಕ್ಷನ್', ಕೊನೆಗೆ ಮಂಗಳಾರತಿಯಂತೆ 'ಡೂ ದ ನೀಡ್‌ಫುಲ್'. 'ಲುಕ್ ಇಂಟು ಇಟ್' ಎಂದು ಅವರು ಬರೆದದ್ದನ್ನು ನಾನು ಕಾಣೆ. ಸರಕಾರಕ್ಕೆ ಹಾಗೆ ಬರೆಯುವುದು ಅವರ ದೃಷ್ಟಿಯಲ್ಲಿ ಬನಿಯನ್ನಿನ ಮೇಲೆ ಕಚೇರಿಗೆ ಹೋದಂತೆ ಇದ್ದಿತೆಂದು ಕಾಣುತ್ತದೆ.

ಇದೇ ಇಂಗ್ಲಿಷನ್ನು ನಾನು ಮತ್ತೊಮ್ಮೆ ಕಂಡದ್ದು ಮೈಸೂರಿನಲ್ಲಿ, ಒಬ್ಬ ಇರಾನಿನವನ ಕೈಬರಹದಲ್ಲಿ.

2006-07ರ ಸುಮಾರು ನಾನು ಮಾನಸಗಂಗೋತ್ರಿಯಲ್ಲಿದ್ದೆ. ಆಗ ಅಲ್ಲಿ ಇರಾನಿನ ವಿದ್ಯಾರ್ಥಿಗಳು ಬೇಕಾದಷ್ಟು ಜನ. ನಮ್ಮ ಪಕ್ಕದ ಮನೆಯ ಮೇಲ್ಮಹಡಿಯಲ್ಲಿದ್ದವನು ರಶ್ತ್ ಪಟ್ಟಣದವನು. ರಶ್ತ್ ಇರುವುದು ಗೀಲಾನ್ ಪ್ರಾಂತದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಡಕ್ಕೆ. ಇರಾನೆಂದರೆ ಮರಳುಗಾಡೆಂದುಕೊಂಡಿದ್ದ ನನಗೆ ಅದು ಮಳೆಯ ಸೀಮೆ, ಭತ್ತದ ಸೀಮೆ ಎಂದು ತಿಳಿದದ್ದು ಅವನಿಂದ. ಅವನಿಗೆ ನಾನು ತಿಳಿಸಿದ್ದು ಇಷ್ಟು: ನಿಮ್ಮ ಗೀಲಾನಿನವನೇ ಒಬ್ಬ ನಮ್ಮ ಬೀದರಿನಲ್ಲಿ ಮಂತ್ರಿಯಾಗಿದ್ದ, ಮಹಮೂದ್ ಗಾವಾನ್ ಎಂದು, 1472ರಲ್ಲಿ ದೊಡ್ಡ ಮದರಸಾ ಕಟ್ಟಿಸಿದ, ಪತ್ರ ಬರೆಯುವ ಕಲೆಯ ಮೇಲೆ 'ಮನಾಜಿರುಲ್ ಇನ್ಶಾ' ಎಂಬ ಗ್ರಂಥವನ್ನು ಫಾರಸಿಯಲ್ಲಿ ಬರೆದ, ಕೊನೆಗೆ 1481ರಲ್ಲಿ, ಅವನ ಮುದ್ರೆ ಒತ್ತಿದ ಒಂದು ಸುಳ್ಳು ಪತ್ರದಿಂದಲೇ ತಲೆ ಕಳೆದುಕೊಂಡ. ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, "ಪ್ರಬಂಧ ಬರೆಯುವವರು ಈ ಕಥೆ ಕೇಳಬಾರದು" ಎಂದ. ಅವನು ಆಗ ಡಾಕ್ಟರೇಟಿನ ಪ್ರಬಂಧ ಬರೆಯುತ್ತಿದ್ದ.

ಅವನ ವಿಷಯ ಸಸ್ಯಶಾಸ್ತ್ರ: ಭತ್ತದ ಕೆಲವು ತಳಿಗಳು ಉಪ್ಪಿನ ನೆಲದಲ್ಲಿಯೂ ಹೇಗೆ ಬದುಕುತ್ತವೆ ಎಂಬುದು. ಕೆಲಸ ಚೊಕ್ಕಟವಾಗಿತ್ತೆಂದು ಅವನ ವಿಭಾಗದವರೇ ಹೇಳುತ್ತಿದ್ದರು. ತೊಡಕಾದದ್ದು ಇಂಗ್ಲಿಷು. ವ್ಯಾಕರಣ ಕೆಟ್ಟಿರಲಿಲ್ಲ, ನಮ್ಮ ಎಂ.ಎ.ಗಳಿಗಿಂತ ಸರಿಯಾಗಿಯೇ ಇತ್ತು. ಆದರೆ ವಾಕ್ಯಗಳೆಲ್ಲ ಪೇಟ ಸುತ್ತಿಕೊಂಡು ಕೂತಿದ್ದವು. ಪ್ರಯೋಗ 'ಪೋಸ್ಟ್‌ಪೋನ್' ಆಗುತ್ತಿತ್ತು, ಎಂದೂ 'ಪುಟ್ ಆಫ್' ಆಗುತ್ತಿರಲಿಲ್ಲ. ಕಾರಣವನ್ನು 'ಇನ್ವೆಸ್ಟಿಗೇಟ್' ಮಾಡುತ್ತಿದ್ದ, 'ಫೈಂಡ್ ಔಟ್' ಮಾಡುತ್ತಿರಲಿಲ್ಲ. ಅನೇಕ ಕಡೆ ಅದೂ ಸಾಲದೆ 'ಪರ್ಫಾರ್ಮ್ಡ್ ಆ್ಯನ್ ಇನ್ವೆಸ್ಟಿಗೇಷನ್' ಎಂದಿತ್ತು. ನೋಡಿದ ಕೂಡಲೇ ನನಗೆ ನಮ್ಮ ತಂದೆಯವರ ಅಕ್ಷರ ಕಣ್ಣ ಮುಂದೆ ಬಂತು. ತೆಹರಾನಿನ ಆಚೆಯ ರಶ್ತ್ ಎಲ್ಲಿ, ಕೃಷ್ಣೆ ಭೀಮೆಗಳ ನಡುವಿನ ಸುರಪುರ ಎಲ್ಲಿ! ಅದೇ ನಾಮಪದ, ಅದೇ 'ಮಾಡು'.

ಪರಿಶೀಲಿಸಿದ ಹಿರಿಯರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ, ಭಾಷೆ ಭಾರವಾಗಿದೆ, ಸಹಜವಾದ ಇಂಗ್ಲಿಷಿಗೆ ತಿರುಗಿಸಿ ತನ್ನಿ ಎಂದು ಬರೆದು ಕಳಿಸಿದರು. ಗೆಳೆಯನ ವೀಸಾಕ್ಕೆ ಇನ್ನು ನಾಲ್ಕು ತಿಂಗಳಿತ್ತು. ಊರಿನಿಂದ ಬರುತ್ತಿದ್ದ ಹಣ ನಿಂತಿತ್ತು. ಹೆಂಡತಿ, ಮೂರು ವರ್ಷದ ಮಗಳು ರಶ್ತ್‌ನಲ್ಲಿ. ಗಾಬರಿಗೊಂಡ ಅವನು, ಬೆರಳಚ್ಚಿನ ಜೊತೆಗೆ 'ಭಾಷಾ ಸುಧಾರಣೆ'ಯನ್ನೂ ಮಾಡಿಕೊಡುತ್ತೇವೆಂದು ಬೋರ್ಡು ಹಾಕಿಕೊಂಡಿದ್ದ ಒಂದು ಅಂಗಡಿಗೆ ಹಸ್ತಪ್ರತಿ ಕೊಟ್ಟ. ಪುಟಕ್ಕಿಷ್ಟು ಎಂದು ದರ.

ಅಂಗಡಿಯವನು ಪ್ರಾಮಾಣಿಕ, ಪಡೆದ ಹಣಕ್ಕೆ ಮೋಸ ಮಾಡಲಿಲ್ಲ. ಯಾವುದೋ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಪದದ ಕ್ರಿಯಾಪದ ಕಂಡಲ್ಲೆಲ್ಲ ಕಿತ್ತು, ಬಾಲವಿರುವ ಕ್ರಿಯಾಪದವನ್ನು ನೆಟ್ಟುಬಿಟ್ಟಿದ್ದ. ಭತ್ತದ ತಳಿ ಉಪ್ಪನ್ನು 'ಟಾಲರೇಟ್' ಮಾಡುತ್ತದೆ ಎಂದಿದ್ದ ಕಡೆ 'ಪುಟ್ ಅಪ್ ವಿತ್' ಆಗಿತ್ತು. ಕನ್ನಡದಲ್ಲಿ ಹೇಳುವುದಾದರೆ, ಸೊಸೆ ಅತ್ತೆಯನ್ನು ಹೇಗೋ ಸಹಿಸಿಕೊಂಡು ಇರುವ ಹಾಗೆ ಭತ್ತದ ಸಸಿ ಉಪ್ಪಿನೊಂದಿಗೆ ಸಂಸಾರ ಮಾಡುತ್ತಿತ್ತು. ಹತ್ತನೆಯ ದಿನಕ್ಕೆ ಸತ್ತ ಸಸಿಗಳು 'ಪಾಸ್ಡ್ ಅವೇ' ಆಗಿದ್ದವು. ಸಸಿಗಳು ದೈವಾಧೀನವಾದವು ಎಂದಂತೆ! ನಾನು ನಕ್ಕೆ. ಅವನು ನಗಲಿಲ್ಲ. ಇನ್ನೂರ ಎಂಟು ಪುಟ ಹೀಗೆ ಇದ್ದವು. ಎಲ್ಲಿ ನಗೆಗೀಡಾಗಿದ್ದೇನೆಂದು ತಿಳಿಯುವ ಶಕ್ತಿಯೂ ಅವನಿಗಿರಲಿಲ್ಲ.

ಈ ಬಾಲದ ಕ್ರಿಯಾಪದಗಳ ಕಾಟ ಹೊಸದಲ್ಲ. ಡಾಕ್ಟರ್ ಜಾನ್ಸನ್ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲಿಯೇ, ಹೊರನಾಡಿನವರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚಿನ ತೊಂದರೆ ಕೊಡುವುದು ಇವೇ ಎಂದು ಒಪ್ಪಿಕೊಂಡಿದ್ದಾನೆ. ಇವಕ್ಕೆ 'ಫ್ರೇಸಲ್ ವರ್ಬ್' ಎಂಬ ಹೆಸರನ್ನು ಮೊದಲು ಅಚ್ಚಿನಲ್ಲಿ ಬಳಸಿದವನು ಲೋಗನ್ ಪಿಯರ್ಸಾಲ್ ಸ್ಮಿತ್, 1925ರಲ್ಲಿ. ಹೆಸರು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ. 'ಪುಟ್' ಎಂದರೆ ಇಡು. 'ಪುಟ್ ಆಫ್' ಎಂದರೆ ಮುಂದೂಡು, 'ಪುಟ್ ಔಟ್' ಎಂದರೆ ಆರಿಸು, 'ಪುಟ್ ಅಪ್' ಎಂದರೆ ತಂಗಲು ಜಾಗ ಕೊಡು, ಅದಕ್ಕೇ 'ವಿತ್' ಸೇರಿದರೆ ಸಹಿಸು. ಇದರಲ್ಲಿ ಯಾವ ನ್ಯಾಯವಿದೆಯೆಂದು ಕೇಳಿದರೆ ಇಂಗ್ಲಿಷರವನೂ ತಲೆ ಕೆರೆದುಕೊಳ್ಳುತ್ತಾನೆ. ಪರಭಾಷೆಯವರು ಇವನ್ನು ಕಂಡರೆ ಸುತ್ತು ಬಳಸಿ ಹೋಗುತ್ತಾರೆಂಬುದನ್ನು ಪಂಡಿತರು ಲೆಕ್ಕ ಹಾಕಿ ತೋರಿಸಿದ್ದಾರೆ. ಹೀಬ್ರೂ ಮಾತಾಡುವ ವಿದ್ಯಾರ್ಥಿಗಳನ್ನು ಕುರಿತು ಡಾಗುಟ್ ಮತ್ತು ಲಾವ್ಫರ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಅವರ ಭಾಷೆಯಲ್ಲಿ ಇಂಥವಿಲ್ಲ, ಆದ್ದರಿಂದ ತಪ್ಪಿಸಿಕೊಳ್ಳುತ್ತಾರೆ ಎಂಬುದು ಅವರ ತೀರ್ಮಾನ. ನಾಲ್ಕು ವರ್ಷಗಳ ಮೇಲೆ ಹುಲ್‌ಸ್ಟೈನ್ ಮತ್ತು ಮಾರ್ಚೆನಾ ಡಚ್ಚರನ್ನು ಹಿಡಿದು ನೋಡಿದರು. ಡಚ್ಚರ ಭಾಷೆಯಲ್ಲಿ ಇಂಥವು ಉಂಟು. ಆದರೂ ತಮ್ಮ ಮನೆಯ ಮಾತಿಗೆ ತೀರ ಹೋಲುತ್ತಿದ್ದ ಕೆಲವನ್ನು ಅವರೂ ದೂರವಿಟ್ಟಿದ್ದರು! ಪರಭಾಷೆಯಲ್ಲಿ ನಮ್ಮ ಮನೆಯ ಮಾತಿನಂಥದು ಇರಲಾರದು ಎಂಬ ಶಂಕೆ. ಈ ಎರಡನೆಯ ಮಾತು ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಏಕೆಂದರೆ ಆ ಶಂಕೆಯನ್ನು ನಾನು ಕಣ್ಣಾರೆ ಕಂಡಿದ್ದೆ.

ಅಂಗಡಿಯವನು ನೆಟ್ಟದ್ದನ್ನು ಕೀಳಲು ನಾವಿಬ್ಬರೂ ರಾತ್ರಿಗಳನ್ನು ಕಳೆದೆವು. ಒಂದು ರಾತ್ರಿ 'ಪುಟ್ ಅಪ್ ವಿತ್' ಮೇಲೆ ಗೆರೆ ಎಳೆದು, "ಟಾಲರೇಟನ್ನೇ ವಾಪಸ್ ಹಾಕೋಣ" ಎಂದೆ. ನಮ್ಮ ನಡುವಿನ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೂ, ನಿದ್ದೆಗಣ್ಣಿನಲ್ಲಿ ಬಾಯಿಗೆ ಬಂದದ್ದು ಊರಿನ ಮಾತು. ಗೆಳೆಯ ಪೆನ್ಸಿಲು ಕೆಳಗಿಟ್ಟ. "ಏನಂದೆ? ವಾಪಸ್?" ಎಂದ. ಫಾರಸಿಯಲ್ಲಿ 'ಪಸ್' ಎಂದರೆ ಹಿಂದೆ. 'ಪಸ್ ದಾದನ್' ಎಂದರೆ ಹಿಂದಕ್ಕೆ ಕೊಡು, 'ಪಸ್ ಗೆರೆಫ್ತನ್' ಎಂದರೆ ಹಿಂದಕ್ಕೆ ತೆಗೆದುಕೋ. ನಾನು ಕನ್ನಡದಲ್ಲಿ ಹೇಳುತ್ತ ಹೋದೆ: ವಾಪಸ್ ಕೊಡು, ವಾಪಸ್ ತಗೋ, ವಾಪಸ್ ಹೋಗು, ವಾಪಸ್ ಬಾ. ಅವನು ಇಂಗ್ಲಿಷಿನಲ್ಲಿ ಹೇಳುತ್ತ ಬಂದ: ಗಿವ್ ಬ್ಯಾಕ್, ಟೇಕ್ ಬ್ಯಾಕ್, ಗೋ ಬ್ಯಾಕ್, ಕಮ್ ಬ್ಯಾಕ್. ಮೂರೂ ಭಾಷೆಗಳು ಒಂದರ ಬೆನ್ನ ಮೇಲೊಂದು ಕೂತಂತೆ ಸರಿಹೊಂದಿದವು. ಬಾಲದ ಕ್ರಿಯಾಪದ ಫಾರಸಿಯಲ್ಲಿ ಇಲ್ಲವೇ ಇಲ್ಲವೆಂದು ಅವನಿಗೆ ಅಷ್ಟು ವರ್ಷ ಪಾಠ ಹೇಳಿದ್ದರಂತೆ! ಬಾಲ ಇತ್ತು, ಹಿಂದೆ ಇರದೆ ಮುಂದೆ ಇತ್ತು, ಅಷ್ಟೆ. 'ಬರ್' ಎಂದರೆ ಮೇಲೆ: 'ಬರ್ ದಾಶ್ತನ್', ಎತ್ತಿಕೋ. 'ದರ್' ಎಂಬುದಕ್ಕೆ ಮೂಲದಲ್ಲಿ ಒಳಗೆ ಎಂಬ ಅರ್ಥ: ಆದರೆ 'ದರ್ ಆವರ್ದನ್' ಎಂದರೆ ಹೊರತೆಗೆ! ಇದರಲ್ಲಿ ಯಾವ ನ್ಯಾಯವೆಂದು ನಾನು ಕೇಳಿದೆ. ಇರಾನಿನವನೂ ತಲೆ ಕೆರೆದುಕೊಂಡ.

ಆ ಮೇಲೆ ನನಗೆ ನಮ್ಮ ತಹಸೀಲಿನ ಮಾತುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ದರಖಾಸ್ತು: 'ದರ್' ಸೇರಿದ 'ಖಾಸ್ತನ್', ಬೇಡು ಎಂಬುದರಿಂದ ಬಂದದ್ದು. ಬರಖಾಸ್ತು: 'ಬರ್' ಸೇರಿದ ಇನ್ನೊಂದು 'ಖಾಸ್ತನ್', ಏಳು ಎಂಬ ಅರ್ಥದ್ದು. ಇವೆರಡು ಬೇರೆ ಬೇರೆ ಧಾತುಗಳು; ಅವರ ಲಿಪಿಯಲ್ಲಿ ಬರೆಯುವುದೂ ಬೇರೆ ರೀತಿ; ನಮ್ಮ ಬಾಯಿಗೆ ಬಂದು ಅವಳಿಗಳಾಗಿವೆ. ಸಭೆ ಮೇಲೆದ್ದರೆ ಬರಖಾಸ್ತು. ನೌಕರನನ್ನು ಕೆಲಸದಿಂದ ಎಬ್ಬಿಸಿ ಕಳಿಸಿದರೂ ಬರಖಾಸ್ತು. ಪೇಶ್ಕಶ್ ಎಂದರೆ 'ಮುಂದಕ್ಕೆ ಎಳೆದು' ಇಟ್ಟದ್ದು. ನಮ್ಮ ಹಿರಿಯರು ನೂರಾರು ವರ್ಷ ಇವನ್ನು ಬಳಸಿದರು. ಒಳಗೆ, ಮೇಲೆ, ಮುಂದೆ ಎಂಬ ಸಣ್ಣ ಮಾತುಗಳು ಅವುಗಳ ಹೊಟ್ಟೆಯಲ್ಲಿದ್ದುದು ಅವರಿಗೆ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ನಮಗೆ ಆ ಮಾತುಗಳು ಬಂದದ್ದು ಮೊಹರು ಹಾಕಿಸಿಕೊಂಡು. ಮೊಹರು ಒಡೆದು ನೋಡುವವರು ಯಾರು?

ಇಂಗ್ಲಿಷೂ ನಮಗೆ ಬಂದದ್ದು ಹಾಗೆಯೇ. ಸುರಪುರಕ್ಕೆ ಅದನ್ನು ತಂದು ಬಹುಕಾಲ ನಿಂತ ಮೊದಲಿಗರಲ್ಲಿ ಮೆಡೋಸ್ ಟೇಲರ್ ಸಾಹೇಬನೊಬ್ಬ. 1841ರಿಂದ 1853ರ ತನಕ ಇದ್ದ. ಅವನು ಕಟ್ಟಿಸಿದ ಬಂಗಲೆಗೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರು. ಇಂಗ್ಲಿಷರವನ ಮನೆಗೂ ಊರವರು ಮಂಜಿಲ್ ಎಂಬ ದರಬಾರಿನ ಮಾತನ್ನೇ ಕೊಟ್ಟರು. ಅವನು ಒಳ್ಳೆಯವನೇ, ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಆದರೆ ಆ ಬಂಗಲೆ ಇದ್ದದ್ದು ಗುಡ್ಡದ ಮೇಲೆ. ಅಲ್ಲಿಂದ ಕೆಳಗೆ ಇಳಿದು ಬಂದದ್ದು ಹುಕುಮು, ವರದಿ, ರಸೀದಿ. ಅಡಿಗೆಮನೆಯಲ್ಲಿ, ತೊಟ್ಟಿಲ ಹತ್ತಿರ, ಜಗಳದಲ್ಲಿ ಆಡುವ ಇಂಗ್ಲಿಷು ಇಳಿದು ಬರಲಿಲ್ಲ. 'ಸಿಟ್ ಡೌನ್', 'ಈಟ್ ಅಪ್', 'ಗೆಟ್ ಅಪ್' ಎಂಬ ಬಾಲದ ಮಾತುಗಳು ಅವರ ಮಕ್ಕಳಿಗೆ ಎರಡು ವರ್ಷಕ್ಕೇ ಬರುತ್ತವೆ. ನಮ್ಮ ಮಕ್ಕಳಿಗೆ ಹದಿನೈದನೆಯ ವರ್ಷದಲ್ಲಿ ಎರಡು ಅಂಕಗಳ ಪ್ರಶ್ನೆಯಾಗಿ ಬರುತ್ತವೆ. ನಾನೇ ಶಹಾಪುರದ ಕಾಲೇಜಿನಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಕೆಲಸದಲ್ಲಿದ್ದೇನೆ. 'ಬ್ರೇಕ್ ಡೌನ್, ಬ್ರೇಕ್ ಇನ್, ಬ್ರೇಕ್ ಔಟ್' ಎಂದು ಹುಡುಗರು ಮಗ್ಗಿಯಂತೆ ಒಪ್ಪಿಸುತ್ತಾರೆ. ಕಿಟಕಿಯ ಆಚೆ ಬೆಟ್ಟದಲ್ಲಿ ಬುದ್ಧ ಮಲಗಿದ್ದಾನೆ. ಅವನು ಏಳದಿರುವುದೇ ಆಶ್ಚರ್ಯ.

ಗೆಳೆಯನ ವಿಷಯ ಮುಗಿಸಿಬಿಡುತ್ತೇನೆ. ಗಡುವಿಗೆ ಒಂಬತ್ತು ದಿನ ಇರುವಾಗ ಪ್ರಬಂಧ ಒಪ್ಪಿಸಿದ, ಪದವಿ ಬಂತು, ಊರು ಸೇರಿದ. 'ಟಾಲರೇಟ್' ಪ್ರತಿಯೊಂದು ಪುಟದಲ್ಲಿಯೂ ಹಾಗೆಯೇ ಉಳಿಯಿತು. ಅವನ ಭಾಷೆಯಲ್ಲಿ ಅದು 'ತಹಮ್ಮೊಲ್ ಕರ್ದನ್', ಸಹನೆ ಮಾಡು.

ಇಷ್ಟನ್ನೂ ನಾನು ನೆನೆಯುವಂತಾದದ್ದು ಈಚೆಗೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಾಗದದ ಕಟ್ಟು ಹಿಡಿದುಕೊಂಡು ಮನೆಗೆ ಬಂದಾಗ. ಆಕೆ ಸುರಪುರ ತಾಲೂಕಿನ ಹಳ್ಳಿಯವಳು; ಕೃಷಿ ವಿಜ್ಞಾನ ಓದಿ ಸಂಶೋಧನೆ ಮಾಡುತ್ತಿದ್ದಾಳೆ. 1980ರ ದಶಕದಲ್ಲಿ ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಜೋಳ, ತೊಗರಿ ಬೆಳೆಯುತ್ತಿದ್ದ ಈ ಸೀಮೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಕರಿಮಣ್ಣು ನೀರು ಹಿಡಿದುಕೊಂಡರೆ ಬಿಡುವುದಿಲ್ಲ. ನೀರು ಬಸಿಯದೆ ನಿಂತಲ್ಲಿ ಜವಳು. ಅಡಿಯ ಉಪ್ಪು ಮೇಲೆ ಬಂದಲ್ಲಿ ಸವಳು. ಆಕೆಯ ತಂದೆಯ ನಾಲ್ಕು ಎಕರೆಯಲ್ಲಿ ಒಂದೂವರೆ ಎಕರೆ ಬೆಳ್ಳಗಾಗಿ ಬಿದ್ದಿದೆಯಂತೆ. ಅಂಥ ನೆಲದಲ್ಲಿ ಯಾವ ಭತ್ತ ನಿಲ್ಲುತ್ತದೆ ಎಂಬುದೇ ಆಕೆಯ ಲೇಖನದ ವಿಷಯ. ಎಲ್ಲಿಯ ಗೀಲಾನು, ಎಲ್ಲಿಯ ಸಗರನಾಡು ಎಂದು ಮತ್ತೆ ಅನ್ನಿಸಿತು.

ಲೇಖನವನ್ನು ಹೊರದೇಶದ ಒಂದು ಪತ್ರಿಕೆ ವಾಪಸ್ ಕಳಿಸಿತ್ತು. ವಿಜ್ಞಾನದ ಬಗೆಗೆ ಎರಡೇ ಸಾಲು. ಭಾಷೆಯ ಬಗೆಗೆ ಆರು ಸಾಲು. ಕೊನೆಯ ಸಾಲು, ಇಂಗ್ಲಿಷು ಮಾತೃಭಾಷೆಯಾಗಿರುವ ಯಾರಿಂದಾದರೂ ತಿದ್ದಿಸಿ ತನ್ನಿ ಎಂದು.

"ಸರ್, ಶಹಾಪುರದಾಗ ಅಂಥವರು ಎಲ್ಲಿ ಸಿಗ್ತಾರ್ರಿ?" ಎಂದಳು. ವ್ಯಂಗ್ಯವಿರಲಿಲ್ಲ, ವಿಳಾಸ ಕೇಳುವಂತ ಕೇಳಿದಳು.

ಲೇಖನ ಓದಿದೆ. ಅದೇ ದರಖಾಸ್ತಿನ ಇಂಗ್ಲಿಷು. ಮೂರು ತಲೆಮಾರು ಕಳೆದರೂ ನಮ್ಮ ತಂದೆಯವರ ಗುಂಡಿ ಹಾಕಿದ ಅಂಗಿ ಹಾಗೆಯೇ ಇದೆ. ಇದಕ್ಕೆ ಅಂಗಡಿಯವನ ಔಷಧ ಹಾಕಬಾರದೆಂಬುದು ನನಗೆ ಗೊತ್ತಿತ್ತು. ಪತ್ರಿಕೆಯವರ ಆಕ್ಷೇಪಣೆಯೂ ಪೂರ್ತಿ ಸುಳ್ಳಲ್ಲ. ನಾಮಪದಗಳ ಹೇರಿನಡಿಯಲ್ಲಿ ಯಾರು ಏನು ಮಾಡಿದರೆಂಬುದು ಎಷ್ಟೋ ಕಡೆ ಅಡಗಿಹೋಗಿತ್ತು. ಆದರೆ ವಿದ್ವಾಂಸರ ಇಂಗ್ಲಿಷು ತಾನೇ ಬಾಲದ ಮಾತುಗಳನ್ನು ಮಿತವಾಗಿ ಬಳಸುತ್ತದೆ. ಕಥೆ ಕಾದಂಬರಿಗಳಲ್ಲಿ, ಆಡುಮಾತಿನಲ್ಲಿ ಅವು ತುಂಬಿವೆ. ಶಾಸ್ತ್ರದ ಬರವಣಿಗೆಯಲ್ಲಿ ಕಡಮೆ. 'ಕ್ಯಾರಿ ಔಟ್', 'ಪಾಯಿಂಟ್ ಔಟ್', 'ಸೆಟ್ ಅಪ್' ಮುಂತಾದ ಕೆಲವಕ್ಕೆ ಮಾತ್ರ ಅಲ್ಲಿ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ. ಹಾಗಿರುವಾಗ ಬಾಲವಿಲ್ಲದ್ದೇ ದೋಷವೆನ್ನುವುದು ನನಗೆ ಒಪ್ಪಿಗೆಯಾಗದು. ಕನ್ನಡಿಗನೂ ಇರಾನಿನವನೂ ಭಾರವಾಗಿ ಬರೆಯುವುದು ಅವರಿಗೆ ಆ ಭಾಷೆ ಯಾವ ಬಾಗಿಲಿನಿಂದ ಸಿಕ್ಕಿತೋ ಅದರ ಗುರುತು. ಹಿತ್ತಿಲ ಬಾಗಿಲು ಅವರಿಗೆ ಯಾರೂ ತೆರೆದಿರಲಿಲ್ಲ.

ಹಿತ್ತಿಲು ನಮಗೂ ಒಂದಿದೆ. ಕನ್ನಡದಲ್ಲಿ ನಾವು ಬಾಲವಿಲ್ಲದೆ ಮಾತಾಡುವುದೇ ಅಪರೂಪ. ತಿಂದುಬಿಡು, ಹರಿದುಹಾಕು, ಮುಚ್ಚಿಹಾಕು, ತಳ್ಳಿಹಾಕು, ಕಂಡುಹಿಡಿ, ಎತ್ತಿಹಿಡಿ, ಬಿಟ್ಟುಕೊಡು, ನೋಡಿಕೋ, ಬರೆದಿಡು. ಕಂಡು ಹಿಡಿಯುವುದರಲ್ಲಿ ಹಿಡಿಯುವುದು ಏನಿದೆ? ಮುಚ್ಚಿಹಾಕಿದ್ದನ್ನು ಎಲ್ಲಿ ಹಾಕುತ್ತೇವೆ? ಬಿಟ್ಟುಕೊಡುವವನು ಬಿಡುತ್ತಾನೋ ಕೊಡುತ್ತಾನೋ? ಇಂಗ್ಲಿಷರವನು ಮೇಲೆ, ಕೆಳಗೆ, ಹೊರಗೆ ಎಂಬ ದಿಕ್ಕುಗಳಿಂದ ಮಾಡುವ ಕೆಲಸವನ್ನು ನಾವು ಎರಡನೆಯ ಕ್ರಿಯಾಪದದಿಂದ ಮಾಡುತ್ತೇವೆ. ಇಷ್ಟು ಬಾಲಗಳ ನಡುವೆ ಹುಟ್ಟಿ ಬೆಳೆದವರು 'ಈಟ್ ಅಪ್' ಕಂಡು ಬೆಚ್ಚುವುದೇಕೆ? ಡಚ್ಚರ ಶಂಕೆಯೇ ಇರಬೇಕು. ತಿಂದುಬಿಡು ಎನ್ನುವುದು ಮನೆಯ ಮಾತು. ಇಂಗ್ಲಿಷು ಕಚೇರಿಯ ಮಾತು. ಎರಡಕ್ಕೂ ಎಲ್ಲಿಯ ನಂಟು?

ಆದ್ದರಿಂದ ನಾನು ಪಟ್ಟಿ ತೆಗೆಯಲಿಲ್ಲ. "ನೋಡವ್ವಾ, ಇಲ್ಲಿ ಟಾಲರೇಟ್ ಅಂತ ಹನ್ನೊಂದು ಕಡೆ ಬರೆದೀಯಲ್ಲ, ನಿಮ್ಮಪ್ಪ ಇದಕ್ಕ ಏನಂತಾನ?" ಎಂದು ಕೇಳಿದೆ.

ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ. "ಈ ನೆಲ್ಲು ಸವಳ ತಡಕೊಂತದ ಅಂತಾನ್ರಿ. ಆ ಇನ್ನೊಂದು ತಳಿ ತಡಕೊಳ್ಳಂಗಿಲ್ಲ, ಕದರು ಬರೂ ಮೊದಲೇ ಸುಟ್ಟುಹೋಗ್ತದ ಅಂತಾನ."

ತಡೆ, ತಡೆದುಕೋ. ತಡೆಯುವುದು ಬೇರೆ, ತಡೆದುಕೊಳ್ಳುವುದು ಬೇರೆ. ಬಾಗಿಲಲ್ಲಿ ನಿಂತು ತಡೆಯುತ್ತೇವೆ. ಬಂದ ಮೇಲೆ ತಡೆದುಕೊಳ್ಳುತ್ತೇವೆ. ಆ ಸಣ್ಣ 'ಕೊಳ್ಳು' ಆಪತ್ತನ್ನು ತನ್ನ ಮೈಮೇಲೆ ಹೊತ್ತುಕೊಂಡು ನಿಲ್ಲುತ್ತದೆ. ಆಕೆಗೂ ಇದು ಹೊಳೆಯಿತು. ತನ್ನ ಕೋಷ್ಟಕಗಳನ್ನು ಮುಂದಿಟ್ಟುಕೊಂಡು, "ಸರ್, ಹಂಗಾದ್ರ ಇವು ಎರಡು ಬ್ಯಾರೆ ಬ್ಯಾರೆ ಆದವಲ್ರಿ. ಒಂದು ತಳಿ ಉಪ್ಪನ್ನ ಬೇರಿನಾಗೇ ತಡೀತದ, ಒಳಗ ಬಿಡಂಗಿಲ್ಲ. ಇನ್ನೊಂದು ಒಳಗ ಬಿಟ್ಟುಕೊಂಡು ತಡಕೊಂತದ. ನಾ ಎರಡಕ್ಕೂ ಟಾಲರೇಟ್ ಅಂತ ಬರದೀನಿ" ಎಂದಳು. ಭಾಷೆ ತಿದ್ದಲು ಕೂತವರು ವಿಜ್ಞಾನದಲ್ಲಿ ಬಿದ್ದೆವು. ಭಾರದ ಪದ ಎರಡು ಸಂಗತಿಗಳನ್ನು ಒಂದೇ ಚಾದರದಡಿ ಮಲಗಿಸಿತ್ತು.

ಮೊದಲನೆಯದಕ್ಕೆ ಆಕೆಯೇ 'ಕೀಪ್ ಔಟ್' ಎಂದು ಬರೆದಳು, ಯಾವ ಪಟ್ಟಿಯನ್ನೂ ನೋಡದೆ. ಎರಡನೆಯದಕ್ಕೆ ನಾವು ಬಹಳ ಹೊತ್ತು ಕೂತೆವು. 'ಪುಟ್ ಅಪ್ ವಿತ್' ಬೇಡವೆಂದು ಮೈಸೂರಿನ ಕಥೆ ಹೇಳಿದೆ. ದೈವಾಧೀನವಾದ ಸಸಿಗಳಿಗೆ ಆಕೆ ಬಿದ್ದು ಬಿದ್ದು ನಕ್ಕಳು. ಕೊನೆಗೆ ಆಕೆ ಆರಿಸಿದ್ದು 'ವಿತ್‌ಸ್ಟ್ಯಾಂಡ್'. ಹಳೆಯ ಇಂಗ್ಲಿಷಿನಲ್ಲಿ 'ವಿತ್' ಎಂದರೆ ಎದುರಾಗಿ. ಎದುರಿಗೆ ನಿಲ್ಲು ಎಂದು ಅದರ ಅರ್ಥ. ಬಾಲ ಉಂಟು, ಆದರೆ ಗೆಳೆಯನ 'ಬರ್', 'ದರ್'ಗಳ ಹಾಗೆ ಮುಂದೆ ಬಂದು ಕೂತಿದೆ. ಒಂದು ಕಾಲಕ್ಕೆ ಇಂಗ್ಲಿಷರವರೂ ಹೀಗೆ ಮುಂದೆ ಇಡುತ್ತಿದ್ದರು. 'ಅಪ್‌ಹೋಲ್ಡ್', 'ಓವರ್‌ಕಮ್', 'ಅಂಡರ್‌ಟೇಕ್' ಆ ಕಾಲದ ಪಳೆಯುಳಿಕೆಗಳು. ಕಚೇರಿಗೂ ನಡೆಯುತ್ತದೆ, ಮನೆಗೂ ಒಗ್ಗುತ್ತದೆ. 'ಸಾಲ್ಟ್ ಟಾಲರೆನ್ಸ್' ಎಂಬುದು ಶಾಸ್ತ್ರದ ಪರಿಭಾಷೆಯಾದ್ದರಿಂದ ಶೀರ್ಷಿಕೆಯಲ್ಲಿ ಅದನ್ನು ಮುಟ್ಟಲಿಲ್ಲ. 'ಪರ್ಫಾರ್ಮ್ಡ್ ಆ್ಯನ್ ಇನ್ವೆಸ್ಟಿಗೇಷನ್' ಎಂಬುದನ್ನು ಮಾತ್ರ ಒಂದೂ ಬಿಡದೆ ಕಿತ್ತುಹಾಕಿದೆವು. ಒಂದಕ್ಕೆ, ಆಕೆಗೆ ಗೊತ್ತಿಲ್ಲದಂತೆ, ನಾನು ಮನಸ್ಸಿನಲ್ಲಿಯೇ ಕೈ ಮುಗಿದೆ.

ಎರಡು ತಿಂಗಳ ಮೇಲೆ ಪತ್ರಿಕೆಯಿಂದ ಮತ್ತೆ ಕಾಗದ ಬಂತು. ಭಾಷೆಯ ಮಾತೇ ಇರಲಿಲ್ಲ. ಮೂರನೆಯ ಕೋಷ್ಟಕದಲ್ಲಿ ಮಣ್ಣಿನ ಉಪ್ಪನ್ನು ಅಳೆದದ್ದು ಎಷ್ಟು ಆಳದಲ್ಲಿ ಎಂಬುದನ್ನು ಬರೆದಿಲ್ಲವೆಂದೂ, ಮತ್ತೊಂದು ಋತುವಿನ ಅಳತೆ ಬೇಕೆಂದೂ ಕೇಳಿದ್ದರು. ಆಕೆ ಮಣ್ಣು ತೆಗೆಯುವ ಕೊಳವೆ ಹಿಡಿದುಕೊಂಡು ಅಪ್ಪನ ಹೊಲಕ್ಕೆ ಹೋಗಿದ್ದಾಳೆ.